ವೀಲ್‌ಚೇರ್ ಬ್ಯಾಸ್ಕೆಟ್‌ಬಾಲ್: ಚೆಂಡು ಎಸೆಯದ ಆಟಗಾರ್ತಿಯ ಕೆಲಸವೇನು?

ಪ್ರಶ್ನೆ:

2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನ ಮಹಿಳೆಯರ ವೀಲ್‌ಚೇರ್ ಬ್ಯಾಸ್ಕೆಟ್‌ಬಾಲ್ ಪಂದ್ಯಗಳ ವಿಡಿಯೊಗಳನ್ನು ತಂಗಿಯೊಡನೆ ಕೂತು ನೋಡಿದೆ. ಬೆನ್ನುಹುರಿಗೆ ಪೆಟ್ಟು ಬಿದ್ದ ಮೇಲೆ ಅವಳು ಎರಡು ವರ್ಷಗಳಿಂದ ವೀಲ್‌ಚೇರ್ ಬಳಸುತ್ತಿದ್ದಾಳೆ; ಕಾಲುಗಳಷ್ಟೇ ಅಲ್ಲ, ಹೊಟ್ಟೆಯ ಸ್ನಾಯುಗಳೂ ಅವಳ ಹಿಡಿತದಲ್ಲಿಲ್ಲ. ಫೈನಲ್‌ನಲ್ಲಿ ನೆದರ್ಲೆಂಡ್ಸ್ ಅಮೆರಿಕವನ್ನು 63–49ರಿಂದ ಸೋಲಿಸಿದಾಗ ಇಬ್ಬರೂ ಹಿಗ್ಗಿದೆವು. ಆದರೆ ಈ ಆಟದಲ್ಲಿ ಒಬ್ಬರನ್ನು ಬದಲಾಯಿಸುವಾಗ ಚೆನ್ನಾಗಿ ಆಡುತ್ತಿರುವ ಇನ್ನೊಬ್ಬರನ್ನೂ ಹೊರಗೆ ಕರೆಯುವುದೇಕೆ? ಬುಟ್ಟಿಯತ್ತ ಚೆಂಡನ್ನೇ ಎಸೆಯದವರನ್ನು ಅಂಗಳದಲ್ಲಿ ಉಳಿಸಿಕೊಳ್ಳುವುದೇಕೆ? ‘ನನ್ನಂಥವಳಿಗೆ ಅಲ್ಲಿ ಜಾಗವಿದೆಯೇ’ ಎಂದು ತಂಗಿ ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ.

ಉತ್ತರ 1:

ಎಲ್ಲಕ್ಕೂ ಕಾರಣ 14 ಎಂಬ ಸಂಖ್ಯೆ. ಪ್ರತಿ ಆಟಗಾರ್ತಿಗೂ ಅವಳ ದೇಹದ ಚಲನೆಯ ಸಾಮರ್ಥ್ಯಕ್ಕೆ ತಕ್ಕಂತೆ 1.0ರಿಂದ 4.5ರವರೆಗೆ, ಅರ್ಧ ಅರ್ಧ ಅಂಕದ ಅಂತರದಲ್ಲಿ, ಒಂದು ವರ್ಗ ಸಿಗುತ್ತದೆ. ಮುಂಡದ ಮೇಲೆ ಹಿಡಿತವೇ ಇಲ್ಲದವರು 1.0, ಎಲ್ಲ ದಿಕ್ಕಿಗೂ ಬಾಗಿ ಮತ್ತೆ ನೆಟ್ಟಗಾಗಬಲ್ಲವರು 4.5. ಅಂಗಳದಲ್ಲಿರುವ ಐವರ ಮೊತ್ತ 14ನ್ನು ಮೀರುವಂತಿಲ್ಲ. 4.5, 4.0, 2.5, 2.0, 1.0 ಆಡುತ್ತಿದ್ದಾರೆ ಎನ್ನೋಣ. ದಣಿದ 1.0 ಆಟಗಾರ್ತಿಯ ಜಾಗಕ್ಕೆ 2.0 ಬಂದರೆ ಮೊತ್ತ 15 ಆಗುತ್ತದೆ; ಆಗ ಬೇರೆ ಯಾರಾದರೂ ಹೊರಗೆ ಹೋಗಿ, ಕಡಿಮೆ ಅಂಕದವರು ಒಳಗೆ ಬರಲೇಬೇಕು. ನೀವು ಕಂಡ ಜೋಡಿ ಬದಲಾವಣೆಯ ಹಿಂದೆ ಈ ಲೆಕ್ಕವಿರುತ್ತದೆ. ಲೆಕ್ಕ ತಪ್ಪಿದರೆ ತಂಡಕ್ಕೆ ದಂಡ ಬೀಳುತ್ತದೆ.

ಉತ್ತರ 2:

ನಾನು 1.0 ವರ್ಗದಲ್ಲಿ ಕೆಲವು ವರ್ಷ ಆಡಿದವಳು, ಆದ್ದರಿಂದ ನಿಮ್ಮ ತಂಗಿಯ ಪ್ರಶ್ನೆಗೆ ನಾನೇ ಉತ್ತರಿಸಬೇಕೆನಿಸಿತು. ಜಾಗವಿದೆ, ಮತ್ತು ಅದು ಕರುಣೆಯಿಂದ ಕೊಟ್ಟ ಜಾಗವಲ್ಲ.

ಬುಟ್ಟಿಯ ಎತ್ತರ ನಿಂತು ಆಡುವವರಿಗೂ ನಮಗೂ ಒಂದೇ, 3.05 ಮೀಟರ್. ಕೂತ ಜಾಗದಿಂದ ಅಷ್ಟೆತ್ತರಕ್ಕೆ ಎಸೆಯಬೇಕಾದ 4.5 ಆಟಗಾರ್ತಿಗೆ ಬುಟ್ಟಿಯ ಹತ್ತಿರ ಒಂದಿಷ್ಟು ಬಯಲು ಬೇಕು. ಆ ಬಯಲನ್ನು ಮಾಡಿಕೊಡುವುದು ನಮ್ಮ ಕೆಲಸ. ನಿಯಮದ ಪ್ರಕಾರ ಕುರ್ಚಿ ಆಟಗಾರ್ತಿಯ ದೇಹದ ಭಾಗ. ಎದುರಾಳಿಯ ಹಾದಿಯಲ್ಲಿ ನಾನು ಮೊದಲೇ ಬಂದು ನಿಂತರೆ ಅವಳು ಸುತ್ತಿ ಬರಲೇಬೇಕು, ಏಕೆಂದರೆ ಕುರ್ಚಿ ಪಕ್ಕಕ್ಕೆ ಹೆಜ್ಜೆ ಇಡುವುದಿಲ್ಲ. ಆ ಎರಡು ಸೆಕೆಂಡುಗಳಲ್ಲಿ ನಮ್ಮವಳು ಚೆಂಡನ್ನು ಬುಟ್ಟಿಗೆ ಹಾಕಿರುತ್ತಾಳೆ. ಅಂಕಪಟ್ಟಿಯಲ್ಲಿ ಅವಳ ಹೆಸರು ಬರುತ್ತದೆ. ಆದರೆ ನನ್ನ ಪಕ್ಕದಿಂದ ಹಾದುಹೋಗುವಾಗ ಅವಳು ನನ್ನ ಚಕ್ರವನ್ನು ಬೆರಳಿನಿಂದ ತಟ್ಟಿ ಹೋಗುತ್ತಿದ್ದಳು. ಅದರ ಬೆಲೆ ಆಡಿದವರಿಗೇ ಗೊತ್ತು.

ಮಂಡಿ ಸೊಂಟಕ್ಕಿಂತ ಮೇಲಿರುವಂತೆ, ಆಸನವನ್ನು ಹಿಂದಕ್ಕೆ ವಾಲಿಸಿ ಕೂರುವುದನ್ನು ನಿಮ್ಮ ತಂಗಿ ಮೊದಲು ಕಲಿಯಲಿ. ಪಟ್ಟಿಯನ್ನು ತೊಡೆಗೂ ಹೊಟ್ಟೆಗೂ ಬಿಗಿದು ಕಟ್ಟಿಕೊಂಡರೆ ಕೈಗಳೆರಡೂ ಆಟಕ್ಕೆ ಸಿಗುತ್ತವೆ, ಇಲ್ಲವಾದರೆ ಒಂದು ಕೈ ಬೀಳದಂತೆ ಹಿಡಿದುಕೊಳ್ಳುವುದರಲ್ಲೇ ಕಳೆದುಹೋಗುತ್ತದೆ.

ಉತ್ತರ 3:

2018ರ ಹ್ಯಾಂಬರ್ಗ್ ವಿಶ್ವ ಚಾಂಪಿಯನ್‌ಷಿಪ್, 2021ರಲ್ಲಿ ನಡೆದ ಟೋಕಿಯೊ ಪ್ಯಾರಾಲಿಂಪಿಕ್ಸ್, 2023ರ ದುಬೈ ವಿಶ್ವ ಚಾಂಪಿಯನ್‌ಷಿಪ್, ಆಮೇಲೆ ಪ್ಯಾರಿಸ್ ಎಂದು ಡಚ್ ಮಹಿಳೆಯರು ಸಾಲಾಗಿ ಗೆದ್ದಿದ್ದಾರೆ. ಮರಿಸ್ಕಾ ಬೈಯರ್ ಹಾಕುವ ಬುಟ್ಟಿಗಳನ್ನು ಎಲ್ಲರೂ ನೆನೆಯುತ್ತಾರೆ; ಅವರಿಗೆ ದಾರಿ ಬಿಡಿಸಿಕೊಟ್ಟವರನ್ನೂ ನೆನೆಯಬೇಕು ಎಂಬ ಮೇಲಿನ ಮಾತು ನನಗೆ ಪೂರ್ತಿ ಒಪ್ಪಿಗೆ. ನಮ್ಮ ದೇಶದ ಮಹಿಳಾ ತಂಡವೂ 2019ರಲ್ಲಿ ಥಾಯ್ಲೆಂಡ್‌ನ ಏಷ್ಯಾ–ಓಷಿಯಾನಿಯಾ ಚಾಂಪಿಯನ್‌ಷಿಪ್‌ನಲ್ಲಿ ಆಡಿತ್ತು; ಕಾಶ್ಮೀರದ ಬಾರಾಮುಲ್ಲಾದ ಇಶ್ರತ್ ಅಖ್ತರ್ ಆ ತಂಡದಲ್ಲಿದ್ದರು. ಆಟದ ಕುರ್ಚಿ ದುಬಾರಿಯಾದ್ದರಿಂದ, ಕೊಳ್ಳುವ ಮುಂಚೆ ಯಾವುದಾದರೂ ಅಭ್ಯಾಸ ಶಿಬಿರದಲ್ಲಿ ಕೂತು ನೋಡುವುದು ಒಳ್ಳೆಯದು.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ರಾತ್ರಿ ಅದೇ ಫೈನಲನ್ನು ಚೆಂಡಿನ ಮೇಲೆ ಕಣ್ಣಿಡದೆ, ಬರೀ ಕುರ್ಚಿಗಳನ್ನೇ ಗಮನಿಸುತ್ತ ಮತ್ತೊಮ್ಮೆ ನೋಡಿದೆವು. ತಂಗಿ ಅಲ್ಲಲ್ಲಿ ವಿಡಿಯೊ ನಿಲ್ಲಿಸಿ, ಯಾರು ಯಾರ ದಾರಿ ಕಟ್ಟಿದರು ಎಂದು ತೋರಿಸುತ್ತಿದ್ದಳು. ಈಗ ಅವಳ ಪ್ರಶ್ನೆ ಬೇರೆ: ಹೊಟ್ಟೆಗೆ ಪಟ್ಟಿ ಬಿಗಿದರೆ ಉಸಿರು ಕಟ್ಟುವುದಿಲ್ಲವೇ, ಅದನ್ನು ಎಷ್ಟು ಬಿಗಿಯಬೇಕು?