ಸಿಟ್ಟೂ ಪ್ರೀತಿಯೂ ಇರುವವರು ಯಾವುದನ್ನು ಮೊದಲು ಓದಬೇಕು: ಕಾದಂಬರಿಯನ್ನೋ, ಆತ್ಮಕಥೆಯನ್ನೋ?

ಪ್ರಶ್ನೆ: ನಾನು ಬೆಳೆದ ಮನೆಯ ಧರ್ಮಶ್ರದ್ಧೆಯಿಂದ ದೂರ ಬಂದು, ಮನೆಯವರು ಒಪ್ಪದ ಸಂಗಾತಿಯೊಂದಿಗೆ ಬದುಕುತ್ತಿದ್ದೇನೆ. ಅವರ ಮೇಲೆ ಸಿಟ್ಟಿದೆ, ಪ್ರೀತಿಯೂ ಆರಿಲ್ಲ. ಇಂಥ ಬದುಕನ್ನು ಕುರಿತ ಪುಸ್ತಕಗಳನ್ನು ಓದಬೇಕೆಂದಿದ್ದೇನೆ. ಕಾದಂಬರಿಯಿಂದ ಆರಂಭಿಸಲೇ, ಆತ್ಮಕಥೆಯಿಂದಲೇ? ಓದಿದವರು ದಯವಿಟ್ಟು ತಿಳಿಸಿ.

ಮೊದಲ ಉತ್ತರ: ಒಂದೇ ಬದುಕನ್ನು ಎರಡು ಬಗೆಯಲ್ಲಿ ಹೇಳಿದ ಲೇಖಕರನ್ನು ಹಿಡಿಯಿರಿ ಎಂಬುದು ನನ್ನ ಸಲಹೆ, ಮತ್ತು ಅದಕ್ಕೆ ಜೆನೆಟ್ ವಿಂಟರ್ಸನ್ ಅವರಿಗಿಂತ ಒಳ್ಳೆಯ ಆರಂಭ ನನಗೆ ಕಾಣುವುದಿಲ್ಲ. ಇಂಗ್ಲೆಂಡಿನ ಆಕ್ರಿಂಗ್ಟನ್ ಊರಿನ, ಪೆಂಟೆಕೋಸ್ಟಲ್ ಎಂಬ ಕ್ರೈಸ್ತ ಪಂಥದ ದಂಪತಿ ಅವರನ್ನು ದತ್ತು ಪಡೆದು, ಮಿಶನರಿಯಾಗಲೆಂದು ಬೆಳೆಸಿದರು. ಆ ಹುಡುಗಿ ಇನ್ನೊಬ್ಬ ಹುಡುಗಿಯನ್ನು ಪ್ರೀತಿಸಿದಾಗ ಚರ್ಚಿನ ಸಭೆಯವರು ದೆವ್ವ ಬಿಡಿಸಲು ಹೊರಟರು. ಇದನ್ನೇ 1985ರಲ್ಲಿ ‘ಆರೆಂಜಸ್ ಆರ್ ನಾಟ್ ದಿ ಓನ್ಲಿ ಫ್ರೂಟ್’ ಎಂಬ ಕಾದಂಬರಿಯಾಗಿಯೂ, 2011ರಲ್ಲಿ ‘ವೈ ಬಿ ಹ್ಯಾಪಿ ವೆನ್ ಯು ಕುಡ್ ಬಿ ನಾರ್ಮಲ್?’ ಎಂಬ ಆತ್ಮಕಥನವಾಗಿಯೂ ಬರೆದರು. ಕಾದಂಬರಿಯಲ್ಲಿ ಎಲ್ಸಿ ಎಂಬ ಮುದುಕಿ ಆ ಮಗುವಿಗೆ ಆಸರೆಯಾಗಿದ್ದಾಳೆ. ಅಂಥವಳೊಬ್ಬಳು ತನ್ನ ಬಾಲ್ಯದಲ್ಲಿ ಇರಲೇ ಇಲ್ಲವೆಂದೂ, ಇದ್ದಿದ್ದರೆ ಎಂಬ ಹಂಬಲದಿಂದಲೇ ಅವಳನ್ನು ಸೃಷ್ಟಿಸಿದ್ದೆಂದೂ, ನಿಜದ ಒಂಟಿತನ ಅದಕ್ಕಿಂತ ಕಠಿಣವಾಗಿತ್ತೆಂದೂ ಲೇಖಕಿ ಆತ್ಮಕಥನದಲ್ಲಿ ಹೇಳುತ್ತಾರೆ. ಅದನ್ನು ಓದಿದ ಮೇಲೆ ಎಲ್ಸಿ ಬರುವ ಪುಟಗಳನ್ನೆಲ್ಲ ನಾನು ಮತ್ತೆ ತೆರೆದು ಕೂತೆ. ಮೊದಲ ಓದಿನಲ್ಲಿ ನಗು ತರಿಸಿದ್ದ ಮಾತುಗಳೇ ಈಗ ಗಂಟಲು ಕಟ್ಟಿಸಿದವು. ಈ ಅನುಭವ ನಿಮಗೂ ಆಗಬೇಕಾದರೆ ಕಾದಂಬರಿಯೇ ಮೊದಲಾಗಬೇಕು.

ಎರಡನೆಯ ಉತ್ತರ: ಮೇಲಿನವರ ಮಾತು ಸರಿ. ಆದರೆ ಪ್ರೀತಿಯೂ ಆರಿಲ್ಲ ಎಂದಿದ್ದೀರಲ್ಲ, ಆ ಕಾರಣಕ್ಕೆ ಎಡ್ಮಂಡ್ ಗಾಸ್ ಅವರ ‘ಫಾದರ್ ಅಂಡ್ ಸನ್’ ಕೃತಿಯನ್ನು ನಿಮ್ಮ ಕೈಗಿಡಲು ಬಯಸುತ್ತೇನೆ. 1907ರಲ್ಲಿ ಅದು ಲೇಖಕರ ಹೆಸರಿಲ್ಲದೆಯೇ ಪ್ರಕಟವಾಯಿತು. ತಂದೆ ಫಿಲಿಪ್ ಹೆನ್ರಿ ಗಾಸ್ ಕಡಲಜೀವಿಗಳ ಹೆಸರಾಂತ ಅಧ್ಯಯನಕಾರರು, ಜೊತೆಗೆ ಬೈಬಲಿನ ಮಾತನ್ನು ಅಕ್ಷರಶಃ ನಂಬುವ ಪ್ಲಿಮತ್ ಬ್ರದರನ್ ಪಂಥದವರು. ವಿಗ್ರಹಾರಾಧನೆ ಮಾಡಿದವರ ಮೇಲೆ ದೇವರು ಮುನಿಯುತ್ತಾನೆಂದು ಅವರು ಹೇಳಿದ್ದನ್ನು ಕೇಳಿ, ಪುಟ್ಟ ಮಗ ಯಾರೂ ಇಲ್ಲದಾಗ ಕುರ್ಚಿಯೊಂದನ್ನು ಮೇಜಿನ ಮೇಲಿಟ್ಟು, ಮೊಣಕಾಲೂರಿ, ಅದಕ್ಕೇ ಪ್ರಾರ್ಥನೆ ಸಲ್ಲಿಸಿ ಕಾಯುತ್ತಾನೆ. ಏನೂ ಆಗುವುದಿಲ್ಲ. ಶ್ರದ್ಧೆ ಕದಲುವ ಕ್ಷಣವನ್ನು ಇಷ್ಟು ನಿಚ್ಚಳವಾಗಿ ಕಾಣಿಸಿದ ಬರಹಗಳು ವಿರಳ. ಅದೇ ತಂದೆ ಡೆವನ್ ತೀರದಲ್ಲಿ ಎದೆಮಟ್ಟದ ನೀರಿಗಿಳಿದು ಕಡಲಜೀವಿಗಳನ್ನು ಅರಸುವುದನ್ನು ಬಣ್ಣಿಸುವಾಗ ಮಗನಿಗೆ ಅವರ ಮೇಲಿದ್ದ ಅಭಿಮಾನ ತಾನಾಗಿ ಹೊಮ್ಮುತ್ತದೆ. ಒಂದು ಎಚ್ಚರಿಕೆ: ಇಲ್ಲಿನ ಎಲ್ಲ ವಿವರಗಳೂ ನಿಖರವಲ್ಲವೆಂದು ನಂತರದ ಜೀವನಚರಿತ್ರಕಾರರು ತೋರಿಸಿದ್ದಾರೆ. ತಂದೆ ತಮ್ಮ ಪಾಲಿನ ಕಥೆ ಬರೆದಿದ್ದರೆ ಹೇಗಿರುತ್ತಿತ್ತು ಎಂದು ನಡುನಡುವೆ ಕೇಳಿಕೊಳ್ಳುತ್ತ ಓದಿ.

ಮೂರನೆಯ ಉತ್ತರ: ಪ್ರೀತಿ ಮತ್ತು ದೇವರು ನೇರವಾಗಿ ಮುಖಾಮುಖಿಯಾಗುವ ಕೃತಿ ಬೇಕಿದ್ದರೆ ಗ್ರಹಾಂ ಗ್ರೀನ್ ಅವರ ‘ದಿ ಎಂಡ್ ಆಫ್ ದಿ ಅಫೇರ್’ (1951) ಇದೆ. ಲಂಡನ್ನಿನಲ್ಲಿ ಬಾಂಬು ಬಿದ್ದಾಗ ಪ್ರಿಯಕರ ಸತ್ತನೆಂದೇ ತಿಳಿದ ಸಾರಾ, ಅವನು ಬದುಕಿದರೆ ಅವನನ್ನು ತೊರೆಯುತ್ತೇನೆಂದು ದೇವರಿಗೆ ಮಾತು ಕೊಡುತ್ತಾಳೆ. ಅವನು ಎದ್ದು ಬರುತ್ತಾನೆ, ಅವಳು ಕೊಟ್ಟ ಮಾತಿಗೆ ಕಟ್ಟುಬೀಳುತ್ತಾಳೆ. ಕಾರಣ ಅವನಿಗೆ ತಿಳಿಯುವುದು ಅವಳ ದಿನಚರಿ ಸಿಕ್ಕ ಮೇಲೆಯೇ. ಬಹಳ ದೊಡ್ಡ ಕಾದಂಬರಿ, ಆದರೆ ನಿಮ್ಮ ಈಗಿನ ಮನಃಸ್ಥಿತಿಯಲ್ಲಿ ಅದು ಭಾರವಾದೀತು. ಅದಕ್ಕೂ ಮುಂಚೆ ಶಿವರಾಮ ಕಾರಂತರ ‘ಮೂಕಜ್ಜಿಯ ಕನಸುಗಳು’ (1968) ಓದಿ. ಬಾಲ್ಯದಲ್ಲೇ ವಿಧವೆಯಾದ ಅಜ್ಜಿ, ಮೊಮ್ಮಗ ಸುಬ್ಬರಾಯನೊಡನೆ ದೇವರ ಬಗ್ಗೆಯೂ ಗಂಡುಹೆಣ್ಣಿನ ಸಂಬಂಧದ ಬಗ್ಗೆಯೂ ಅಳುಕಿಲ್ಲದೆ ಮಾತನಾಡುತ್ತಾಳೆ. ಮನೆಯ ಹಿರಿಯರೊಬ್ಬರಿಂದ ಇಂಥ ಮಾತು ಕೇಳಿಸಿಕೊಳ್ಳುವುದು, ಪುಸ್ತಕದಲ್ಲಾದರೂ ಸರಿ, ನನಗಂತೂ ಬಹಳ ಸಮಾಧಾನ ಕೊಟ್ಟಿತ್ತು.