ಸಹಾಯ ಬೇಕು: ಹಳೇ ಕಂಬಳಿ, ಲಂಬಾಣಿ ಉಡುಗೆ

ನಮಸ್ಕಾರ. ದಾವಣಗೆರೆಯಲ್ಲಿದ್ದುಕೊಂಡು ನಮ್ಮ ಕಡೆಯ ಹಳೇ ಉಡುಗೆಗಳನ್ನು ಕೂಡಿಡುತ್ತಿದ್ದೇನೆ. ಮೊಳಕಾಲ್ಮುರು ರೇಷ್ಮೆ ಸೀರೆ ಬಗ್ಗೆ ಹೇಳುವವರು ಬೇಕಾದಷ್ಟಿದ್ದಾರೆ, ಅದು ಬಿಡಿ. ತಲೆನೋವಾಗಿರುವುದು ಚಳ್ಳಕೆರೆ ಕಡೆಯ ಕರಿ ಕಂಬಳಿ. ಕುರಿ ಉಣ್ಣೆಯದು, ಹುಣಸೆ ಬೀಜದ ಗಂಜಿ ಹಾಕಿ ನೇಯ್ದದ್ದು. ನುಸಿ ಬಿದ್ದಿದೆ. ತೊಳೆದರೆ ಗಂಜಿ ಬಿಟ್ಟು ಮೆತ್ತಗಾಗುತ್ತದೆ, ಅಲ್ವಾ? ಬಿಸಿಲಿಗೆ ಹಾಕಿ, ಬೇವಿನ ಸೊಪ್ಪು ಇಟ್ಟರೆ ಸಾಕಾ? ನೇಯುವ ಮನೆಯವರು ಯಾರಾದರೂ ಹೇಳಿ.

ಇನ್ನೊಂದು, ಲಂಬಾಣಿ ಹೆಂಗಸರ ಪೇಟಿಯಾ (ಲಂಗ), ಕಾಂಚಳಿ (ರವಿಕೆ). ಕನ್ನಡಿ, ಕವಡೆ, ನಾಣ್ಯ ಎಲ್ಲಾ ಹಾಗೇ ಇವೆ. ಸುಮ್ನೆ ಪೆಟ್ಟಿಗೆಯಲ್ಲಿಡುವುದಕ್ಕಲ್ಲ. ಯಾವ ಹೊಲಿಗೆಗೆ ಏನು ಹೆಸರು, ಮದುವೆಯಾದವರು ಏನು ತೊಡುತ್ತಿದ್ದರು ಅಂತ ಬರೆದಿಡಬೇಕು. ಹೊನ್ನಾಳಿ, ನ್ಯಾಮತಿ ಕಡೆಯ ತಾಂಡಾಗಳಲ್ಲಿ ಕಸೂತಿ ಬಲ್ಲ ಅಜ್ಜಿಯಂದಿರು ಗೊತ್ತಿದ್ದರೆ, ಮೊದಲು ಅವರನ್ನು ಕೇಳಿ. ಒಪ್ಪಿದರೆ ಇಲ್ಲಿ ತಿಳಿಸಿ, ನಾನೇ ಬರುತ್ತೇನೆ.