ವಾರ್ಕ್ ಪ್ರಕಾರ ನಾನು ನೋಡಿ ಕಲಿಯುವವಳು, ಆದರೂ ಅನಾಟಮಿಯಲ್ಲಿ 38 ಯಾಕೆ?

ಮಲೆನಾಡ ಹುಡುಗಿ:
ಎಂಬಿಬಿಎಸ್ ಮೊದಲ ವರ್ಷ. ಎಸ್ಸೆಸ್ಸೆಲ್ಸಿ ತನಕ ಕನ್ನಡ ಮೀಡಿಯಂ. ಕಾಲೇಜು ಸೇರಿದ ವಾರದಲ್ಲೇ ವಾರ್ಕ್ ಅಂತ, ಯಾರು ಯಾವ ರೀತಿಯಲ್ಲಿ (ಸ್ಟೈಲಲ್ಲಿ) ಕಲಿಯುತ್ತಾರೆ ಅಂತ ಹೇಳುವ 16 ಪ್ರಶ್ನೆಗಳ ಪಟ್ಟಿ ತುಂಬಿಸಿದರು. ನಾನು ನೋಡಿ ಕಲಿಯುವವಳು ಅಂತ ಬಂತು. ಅವತ್ತಿನಿಂದ ಬರೀ ವಿಡಿಯೊ, ಗೋಡೆ ತುಂಬ ಚಾರ್ಟು, ನಾಲ್ಕು ಬಣ್ಣದ ಹೈಲೈಟರ್. ಮೊದಲ ಇಂಟರ್ನಲ್ಸ್‌ನಲ್ಲಿ ಅನಾಟಮಿ 100ಕ್ಕೆ 38! ರೂಂಮೇಟ್ ಕೇಳಿ ಕಲಿಯುವವಳಂತೆ. ರಾತ್ರಿ ಗೋಡೆಗೆ ಪಾಠ ಹೇಳುತ್ತಾ ಕೂರುತ್ತಾಳೆ. ಅವಳಿಗೆ 61. ನನ್ನ ಸ್ಟೈಲೇ ತಪ್ಪಾಗಿ ಬಂದಿದೆಯಾ? ಇನ್ನೊಂದು ಸಲ ಪಟ್ಟಿ ತುಂಬಲಾ?

ಸಪ್ಲಿ ವೀರ:
ನನಗೆ 'ಮಾಡಿ ಕಲಿಯುವವನು' ಅಂತ ಬಂದಿತ್ತು. ಪುಸ್ತಕ ಮುಟ್ಟದೇ ಇರೋಕೆ ಒಳ್ಳೆ ನೆಪ ಸಿಕ್ಕಿತು. ಮುಂದಿನದು ನನ್ನ ಹೆಸರಲ್ಲೇ ಇದೆ.

ಹಳೇ ಮೇಷ್ಟ್ರು:
ಅನಾಟಮಿ ಪಾಠ ಮಾಡುತ್ತಾ 19 ವರ್ಷ ಆಯಿತು. ಒಂದು ಕಾಲಕ್ಕೆ ಈ ಪಟ್ಟಿಯನ್ನು ನಾನೂ ಹಂಚಿದವನೇ, ಆ ತಪ್ಪು ಒಪ್ಪಿಕೊಂಡು ಹೇಳುತ್ತೇನೆ. ಇನ್ನೊಂದು ಸಲ ತುಂಬಬೇಡಮ್ಮ.

ವಾರ್ಕ್ ಮಾಡಿದವರು ನ್ಯೂಜಿಲೆಂಡಿನ ನೀಲ್ ಫ್ಲೆಮಿಂಗ್. ನಿನಗೆ ಯಾವುದು ಇಷ್ಟ ಅಂತ ಅದು ಹೇಳುತ್ತದೆ, ಅಷ್ಟೇ. ಇಷ್ಟವಾದ ರೀತಿಯಲ್ಲಿ ಓದಿದರೆ ಅಂಕ ಜಾಸ್ತಿ ಬರುತ್ತದಾ? ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಹುಸ್ಮನ್ ಮತ್ತು ಓಲಾಫ್ಲಿನ್ ಎಂಬಿಬ್ಬರು ಅನಾಟಮಿ ವಿದ್ಯಾರ್ಥಿಗಳ ಮೇಲೆಯೇ ಇದನ್ನು ನೋಡಿದರು, 2018ರಲ್ಲಿ ಪ್ರಕಟವಾಯಿತು. ಬಹುಪಾಲು ಮಂದಿ ತಮ್ಮ ಸ್ಟೈಲಿಗೆ ತಕ್ಕಂತೆ ಓದಿರಲೇ ಇಲ್ಲ. ಓದಿದವರಿಗೂ ಅದರಿಂದ ಅಂಕ ಹೆಚ್ಚಿರಲಿಲ್ಲ.

ನನ್ನ ತರಗತಿಯಲ್ಲಿ ಕಂಡಿದ್ದೂ ಇದೇ. ಬ್ರೇಕಿಯಲ್ ಪ್ಲೆಕ್ಸಸ್ ತಗೋ, ಕುತ್ತಿಗೆಯಿಂದ ತೋಳಿಗೆ ಹೋಗುವ ನರಗಳ ಜಾಲ. ಕೇಳಿ ಕಲಿಯುವವನಿಗೂ ಅದನ್ನು ಕೈಯಾರೆ ಬರೆಯದೆ ಗತಿಯಿಲ್ಲ. ಮುಂದೆ ಹೃದಯದ ಮರ್ಮರ್ ಬರುತ್ತದೆ, ಅಂದರೆ ಬಡಿತದ ನಡುವೆ ಕೇಳುವ ಹೆಚ್ಚುವರಿ ಸದ್ದು. ಆಗ 'ನಾನು ನೋಡಿ ಕಲಿಯುವವಳು ಸಾರ್' ಅಂದರೆ ಸ್ಟೆತಾಸ್ಕೋಪ್ ಕೇಳುತ್ತದಾ?

ನಿನ್ನ ಚಾರ್ಟು ಕೆಟ್ಟದ್ದಲ್ಲ. ಆದರೆ ದಿನಾ ನೋಡಿ ನೋಡಿ 'ಇದು ಗೊತ್ತು' ಅನ್ನಿಸಿಬಿಡುತ್ತದೆ, ಅಲ್ವಾ? 2006ರಲ್ಲಿ ರೋಡಿಗರ್, ಕಾರ್ಪಿಕಿ ಎಂಬ ಮನೋವಿಜ್ಞಾನಿಗಳು ಒಂದು ಪ್ರಯೋಗ ಪ್ರಕಟಿಸಿದರು. ಐದು ನಿಮಿಷ ಬಿಟ್ಟು ಪರೀಕ್ಷೆ ಕೊಟ್ಟಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ವಾರ ಬಿಟ್ಟು ಕೊಟ್ಟಾಗ, ಓದಿದ್ದನ್ನು ನೆನಪಿನಿಂದ ಬರೆದು ಅಭ್ಯಾಸ ಮಾಡಿದವರು ಮುಂದಾದರು. ಇಂಟರ್ನಲ್ಸ್ ಯಾವತ್ತೂ ಐದು ನಿಮಿಷಕ್ಕೆ ಬರುವುದಿಲ್ಲವಲ್ಲ.

ಒಂದು ಕೆಲಸ ಮಾಡು. ರೂಂಮೇಟ್ ಗೋಡೆಗೆ ಪಾಠ ಹೇಳುವಾಗ ಅವಳ ಪುಸ್ತಕ ತೆರೆದಿರುತ್ತದಾ, ಮುಚ್ಚಿರುತ್ತದಾ ನೋಡು.

ಸಪ್ಲಿ ವೀರ:
ಸಾರ್, ನೀವು ಮೂರು ವರ್ಷ ಮೊದಲೇ ಸಿಗಬಾರದಿತ್ತಾ?

ಮಲೆನಾಡ ಹುಡುಗಿ:
ನೋಡಿದೆ ಸರ್. ಪುಸ್ತಕ ದಿಂಬಿನ ಕೆಳಗಿತ್ತು. ತಡವರಿಸಿದಾಗ ಮಾತ್ರ ಎಳೆದು ನೋಡಿ ಮತ್ತೆ ಒಳಗೆ ತಳ್ಳುತ್ತಾಳೆ.

ನಾನೂ ಇವತ್ತು ಖಾಲಿ ಹಾಳೆಯಲ್ಲಿ ಪ್ಲೆಕ್ಸಸ್ ಬರೆಯೋಕೆ ಕೂತೆ. ಐದು ಬೇರು, ಮೂರು ಟ್ರಂಕ್ ಬಂತು. ಡಿವಿಷನ್ ಹತ್ತಿರ ಕೈ ನಿಂತುಹೋಯಿತು. ಅದೇ ಚಾರ್ಟನ್ನು ಮಂಚದ ಎದುರಿಗೇ ಅಂಟಿಸಿ ಎರಡು ತಿಂಗಳಾಗಿದೆ ಸರ್, ದಿನಾ ಮಲಗುವಾಗ ನೋಡುತ್ತಿದ್ದೆ!